ತಾರಾಲಯ ಊರಿಗೆ ಬರಲಿ, ಪಾಠ ಊರಿನವರೇ ಮಾಡಲಿ

ಹೊಸೂರಿನಿಂದ ಸುಮಾರು 40 ಕಿಲೋಮೀಟರ್ ಹೋದರೆ ಬೆಂಗಳೂರು. ಅಲ್ಲಿ 1989ರಿಂದ ಜವಾಹರಲಾಲ್ ನೆಹರು ತಾರಾಲಯವಿದೆ, ಇಸ್ರೋದ ಕೇಂದ್ರ ಕಚೇರಿಯಿದೆ. ಪೂರ್ವದ ಕಡೆ ಹೊರಟರೆ ಜವ್ವಾದಿ ಬೆಟ್ಟದ ಮೇಲೆ ಕಾವಲೂರು ಸಿಗುತ್ತದೆ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರವನ್ನು ಮರೆಮಾಡಿದಾಗ ಅದರ ಉಂಗುರಗಳ ಸುಳಿವು ಕಂಡ ವೀಕ್ಷಣಾಲಯಗಳಲ್ಲಿ ಅದೂ ಒಂದು. ವೈನು ಬಾಪು ಹೆಸರಿನ 2.34 ಮೀಟರ್ ದೂರದರ್ಶಕ 1986ರಿಂದ ಅಲ್ಲಿ ಕೆಲಸ ಮಾಡುತ್ತಿದೆ. ಇವೆರಡರ ನಡುವೆ ಇರುವುದು ತಮಿಳುನಾಡಿನ ಗಡಿಯಲ್ಲಿರುವ ಬೇರಿಕೆ, ಬಾಗಲೂರು, ಶೂಳಗಿರಿ, ತಳಿ, ಡೆಂಕಣಿಕೋಟೆಗಳ ಸೀಮೆ.

ಇಷ್ಟು ಹತ್ತಿರವಿದ್ದರೂ ಸರ್ಕಾರಿ ಶಾಲೆಯ ಮಗುವಿಗೆ ಅದು ದೂರವೇ. ಒಂದು ಬಸ್ಸಿನಲ್ಲಿ ಹೆಚ್ಚೆಂದರೆ 50 ಮಕ್ಕಳು ಹೋಗಬಹುದು. ಸಾವಿರ ಮಕ್ಕಳಿಗೆ ಆಕಾಶ ತೋರಿಸಬೇಕೆಂದರೆ 20 ಬಸ್ಸು ಬೇಕು. ಪ್ರತಿ ಬಸ್ಸಿಗೂ ಬಾಡಿಗೆ, ಪೋಷಕರ ಒಪ್ಪಿಗೆ ಪತ್ರ, ಇಲಾಖೆಯ ಅನುಮತಿ, ಊಟ, ಜೊತೆಗೆ ಹೋಗುವ ಟೀಚರುಗಳು ಬೇಕು, ಒಂದು ಇಡೀ ದಿನವೂ ಬೇಕು. ಅದರ ಬದಲು ತಾರಾಲಯವನ್ನೇ ಊರಿಗೆ ತರಿಸಿದರೆ? ಗಾಳಿ ತುಂಬಿ ನಿಲ್ಲಿಸುವ ಗುಮ್ಮಟ, ಒಂದು ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್, ಒಂದು ಬ್ಲೋಯರ್ ಇಷ್ಟೂ ಒಂದು ಕಾರಿನಲ್ಲಿ ಬರುತ್ತವೆ. ಒಂದು ಸಲಕ್ಕೆ 30 ಮಕ್ಕಳಂತೆ ದಿನಕ್ಕೆ ಏಳು ಪ್ರದರ್ಶನ ನಡೆಸಿದರೆ ಐದು ದಿನದಲ್ಲಿ ಸಾವಿರ ಮಕ್ಕಳು ನೋಡಿ ಮುಗಿಸುತ್ತಾರೆ.

ಇದನ್ನು ಪ್ರತಿ ಶಾಲೆಯೂ ಕೊಳ್ಳಬೇಕಿಲ್ಲ. ಕೊಂಡರೆ ವರ್ಷದಲ್ಲಿ ಒಂದು ವಾರ ಬಳಕೆಯಾಗಿ ಉಳಿದ ದಿನವೆಲ್ಲ ಬೀರುವಿನಲ್ಲಿ ಕೂರುತ್ತದೆ. ಎರವಲು ಕೊಡುವ ವ್ಯವಸ್ಥೆ ಇದ್ದರೆ ಒಂದೇ ಗುಮ್ಮಟ ಒಂದು ವಿಭಾಗದ ಎಲ್ಲ ಶಾಲೆಗಳನ್ನೂ ಸುತ್ತಿ ಬರುತ್ತದೆ. ಗಡಿ ಸೀಮೆಯ ಶಾಲೆಗಳಿಗೆ ಇಂಥದ್ದೊಂದು ಎರವಲು ತಾರಾಲಯ ಬರಲೇಬೇಕು. ಆದರೆ ಅದರೊಳಗೆ ನಿಂತು ಆಕಾಶದ ಪಾಠ ಮಾಡುವವರು ಆ ಶಾಲೆಯ ಮೇಷ್ಟ್ರು, ಟೀಚರೇ ಆಗಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣ ಹೇಳುವ ಮೊದಲು ಈ ಉಪಕರಣ ಏನು, ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ನೋಡೋಣ.

ಶಾಲೆಗೆಂದೇ ಬಂದ ಸಾಧನ

ಗುಮ್ಮಟದ ಒಳಮೈ ಮೇಲೆ ನಕ್ಷತ್ರಗಳನ್ನು ಬೆಳಕಿನಿಂದ ಮೂಡಿಸುವ ಯಂತ್ರಕ್ಕೆ ನೂರು ವರ್ಷ ದಾಟಿದೆ. ಜರ್ಮನಿಯ ಕಾರ್ಲ್ ಝೈಸ್ ಕಂಪನಿಯ ಎಂಜಿನಿಯರ್ ವಾಲ್ಟರ್ ಬಾವರ್ಸ್‌ಫೆಲ್ಡ್ ರೂಪಿಸಿದ ಯಂತ್ರ 1923ರಲ್ಲಿ ಮ್ಯೂನಿಕ್‌ನ ವಸ್ತುಸಂಗ್ರಹಾಲಯದಲ್ಲಿ ಮೊದಲ ಸಲ ಆಕಾಶ ತೋರಿಸಿತು. 1925ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ನಮ್ಮ ದೇಶದ ಮೊದಮೊದಲ ತಾರಾಲಯಗಳಲ್ಲಿ ಒಂದು ಶುರುವಾದದ್ದು ಶಾಲೆಯಲ್ಲೇ. ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ 1954ರಲ್ಲಿ ಕುಸುಂಬಾಯಿ ಮೋತಿಚಂದ್ ತಾರಾಲಯ ಸ್ಥಾಪನೆಯಾಯಿತು. ಕೋಲ್ಕತ್ತದ ದೊಡ್ಡ ಬಿರ್ಲಾ ತಾರಾಲಯ ಬಂದದ್ದು ಅದಾದ ಮೇಲೆ, 1960ರ ದಶಕದಲ್ಲಿ.

ಕಟ್ಟಡವಿಲ್ಲದ ತಾರಾಲಯ ಬಂದದ್ದು 1977ರಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶಾಲಾ ಶಿಕ್ಷಕರಾಗಿದ್ದ ಫಿಲಿಪ್ ಸ್ಯಾಡ್ಲರ್ ಬಟ್ಟೆಯ ಗುಮ್ಮಟಕ್ಕೆ ಗಾಳಿ ತುಂಬಿ ನಿಲ್ಲಿಸುವ ಸ್ಟಾರ್‌ಲ್ಯಾಬ್ ರೂಪಿಸಿದರು. ಅದರ ನಡುವೆ ಒಂದು ಸಣ್ಣ ಪ್ರಖರ ಬಲ್ಬು, ಬಲ್ಬಿನ ಸುತ್ತ ಕಪ್ಪು ಫಿಲ್ಮಿನ ಉರುಳೆ. ಫಿಲ್ಮಿನಲ್ಲಿ ನಕ್ಷತ್ರಗಳಿರುವ ಕಡೆಯಷ್ಟೇ ಬೆಳಕು ಹಾಯುತ್ತದೆ. ಉರುಳೆ ತಿರುಗಿಸಿದರೆ ಆಕಾಶ ತಿರುಗುತ್ತದೆ. ಅಮೆರಿಕದ ಹಲವು ಕಡೆ ಶಿಕ್ಷಣ ಸೇವಾ ಕೇಂದ್ರಗಳು ಇದನ್ನು ಕೊಂಡು ಸುತ್ತಲಿನ ಶಾಲೆಗಳಿಗೆ ಎರವಲು ಕೊಡತೊಡಗಿದವು. ಮುಖ್ಯವಾದ ಷರತ್ತು ಒಂದೇ: ಎರವಲು ಒಯ್ಯುವ ಟೀಚರು ಮೊದಲು ತರಬೇತಿ ಪಡೆದಿರಬೇಕು. ನಾವು ಕಲಿಯಬೇಕಾದ್ದು ಈ ಷರತ್ತನ್ನು.

ನಮ್ಮಲ್ಲೂ ಇದು ಹೊಸದೇನಲ್ಲ. ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯ ಪರಿಷತ್ತಿನ ಕೇಂದ್ರಗಳಲ್ಲಿ ತಾರಾಮಂಡಲ್ ಎಂಬ ಹೆಸರಿನ ಗಾಳಿಯ ಗುಮ್ಮಟಗಳನ್ನು ಹಲವು ವರ್ಷಗಳಿಂದ ಮಕ್ಕಳು ನೋಡುತ್ತಾ ಬಂದಿದ್ದಾರೆ. ಕರ್ನಾಟಕದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಸಂಚಾರಿ ಡಿಜಿಟಲ್ ತಾರಾಲಯಗಳನ್ನು ವಾಹನಗಳಲ್ಲಿ ಹಳ್ಳಿಯ ಶಾಲೆಗಳಿಗೆ ಕಳಿಸಿದೆ. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ 18 ಮೀಟರ್ ಗುಮ್ಮಟದ ಸ್ವಾಮಿ ವಿವೇಕಾನಂದ ತಾರಾಲಯ ತೆರೆದಿದೆ. ದೊಡ್ಡ ತಾರಾಲಯಕ್ಕೆ ಅದರದೇ ವೈಭವವಿದೆ, ನಿಜ. ಆದರೆ 30 ಮಕ್ಕಳು ಜಮಖಾನೆಯ ಮೇಲೆ ಕೂತು, ಪಕ್ಕದಲ್ಲೇ ಇರುವ ಟೀಚರನ್ನು ಆ ಕ್ಷಣವೇ ಪ್ರಶ್ನೆ ಕೇಳುವ ಅವಕಾಶ ಸಣ್ಣ ಗುಮ್ಮಟದಲ್ಲಿ ಮಾತ್ರ ಸಿಗುತ್ತದೆ.

ಗಾಳಿ ಎಷ್ಟು, ಬೆಳಕು ಎಷ್ಟು

ಜಾತ್ರೆಗಳಲ್ಲಿ ಮಕ್ಕಳು ಹತ್ತಿ ಕುಣಿಯುವ ಗಾಳಿಯ ಕೋಟೆಯಂತೆಯೇ ಇದೂ ಬ್ಲೋಯರ್ ತಿರುಗುತ್ತಿರುವಷ್ಟು ಹೊತ್ತು ಎದ್ದು ನಿಲ್ಲುತ್ತದೆ. ಗುಮ್ಮಟ ಬೀಳುತ್ತದೇನೋ, ಮಕ್ಕಳಿಗೆ ಉಸಿರು ಕಟ್ಟುತ್ತದೇನೋ ಎಂದು ಪೋಷಕರು ಹೆದರುವುದು ಸಹಜ. ಲೆಕ್ಕ ಹಾಕಿ ನೋಡಿ. ಐದು ಮೀಟರ್ ಅಗಲದ ಗುಮ್ಮಟದ ಬಟ್ಟೆ 20 ಕಿಲೋ ಇದೆ ಎಂದುಕೊಳ್ಳೋಣ. ಅದನ್ನು ಎತ್ತಿ ಹಿಡಿಯಲು ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಹೆಚ್ಚಿದ್ದರೆ ಸಾಕು. ಹೀಗಾಗಿ ಬಾಗಿಲಿನ ಜಿಪ್ ತೆರೆದರೆ ಏನೂ ಸಿಡಿಯುವುದಿಲ್ಲ. ಕರೆಂಟು ಹೋದರೆ ಬಟ್ಟೆ ಮೆಲ್ಲಗೆ ಜೋಲುತ್ತಾ ಇಳಿಯುತ್ತದೆ. ಅದರ ತೂಕ ಅಷ್ಟು ಜಾಗಕ್ಕೆ ಹಂಚಿಹೋಗಿರುವುದರಿಂದ ಮಕ್ಕಳೇ ಕೈಯಿಂದ ಎತ್ತಿ ಹಿಡಿಯಬಹುದು. ಬ್ಲೋಯರ್ ಹೊಸ ಗಾಳಿಯನ್ನು ಸದಾ ಒಳಗೆ ತುಂಬುತ್ತಿರುತ್ತದೆ, ಹಳೆಯದು ಹೊಲಿಗೆಯ ಸಂದುಗಳಿಂದ, ಅಡಿಯಂಚಿನಿಂದ ಹೊರಗೆ ಹೋಗುತ್ತಿರುತ್ತದೆ.

ನಿಜವಾಗಿ ಯೋಚಿಸಬೇಕಾದ್ದು ಸೆಕೆಯ ಬಗ್ಗೆ. ಸುಮ್ಮನೆ ಕೂತ ಮಗುವಿನ ಮೈಯಿಂದ ಸುಮಾರು 70 ವ್ಯಾಟ್ ಶಾಖ ಹೊರಬರುತ್ತದೆ. 30 ಮಕ್ಕಳಾದರೆ ಎರಡು ಕಿಲೋವ್ಯಾಟಿನ ಹೀಟರ್ ಉರಿಸಿದಂತೆ. ಆದ್ದರಿಂದ ಏಪ್ರಿಲ್–ಮೇ ತಿಂಗಳಲ್ಲಿ ತಗಡಿನ ಸೂರಿನ ಕೆಳಗೆ ಗುಮ್ಮಟ ನಿಲ್ಲಿಸಬಾರದು. ಬ್ಲೋಯರನ್ನು ನೆರಳಿನ, ತಂಪಾದ ಕಡೆ ಇಡಬೇಕು. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಮಕ್ಕಳನ್ನು ಒಳಗೆ ಕೂರಿಸಬಾರದು.

ಈಗಿನ ಗುಮ್ಮಟಗಳಲ್ಲಿ ಹೆಚ್ಚಿನವು ಡಿಜಿಟಲ್. ಪ್ರೊಜೆಕ್ಟರಿನ ಮುಂದೆ ಮೀನುಕಣ್ಣಿನ ಮಸೂರ ಇಟ್ಟು ಚಿತ್ರವನ್ನು ಇಡೀ ಗುಮ್ಮಟಕ್ಕೆ ಹರಡುತ್ತಾರೆ. ಕಡಿಮೆ ಖರ್ಚಿನ ಇನ್ನೊಂದು ವಿಧಾನ ಉಬ್ಬುಕನ್ನಡಿಯದು. ಮಾಮೂಲಿ ಪ್ರೊಜೆಕ್ಟರಿನ ಬೆಳಕನ್ನು ಅಂಚಿನಲ್ಲಿಟ್ಟ ಉಬ್ಬುಕನ್ನಡಿಗೆ ಬಿಟ್ಟರೆ ಅದು ಗುಮ್ಮಟದ ತುಂಬ ಹರಡುತ್ತದೆ. ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶ ಎರಡೂ ವಿಧಾನಕ್ಕೆ ಚಿತ್ರವನ್ನು ಹೊಂದಿಸಿಕೊಡುತ್ತದೆ.

ಈ ಗುಮ್ಮಟಕ್ಕಿರುವ ಮಿತಿಯನ್ನೂ ತಿಳಿದಿರಬೇಕು. ಮೀನುಕಣ್ಣಿನ ಮಸೂರದ ಸಾಮಾನ್ಯ ಪ್ರೊಜೆಕ್ಟರ್ ಮೂಡಿಸುವ ವೃತ್ತದ ಅಗಲ 1080 ಚುಕ್ಕೆಗಳು. ಒಂದು ದಿಗಂತದಿಂದ ಇನ್ನೊಂದಕ್ಕೆ 180 ಡಿಗ್ರಿ. ಅಂದರೆ ಡಿಗ್ರಿಗೆ ಆರು ಚುಕ್ಕೆ. ಆಕಾಶದಲ್ಲಿ ಚಂದ್ರನ ಅಗಲ ಅರ್ಧ ಡಿಗ್ರಿ, ಹಾಗಾಗಿ ನಿಜವಾದ ಅಳತೆಯಲ್ಲಿ ತೋರಿಸಿದರೆ ಗುಮ್ಮಟದ ಚಂದ್ರ ಮೂರೇ ಮೂರು ಚುಕ್ಕೆ! ಚಂದ್ರನ ಕುಳಿ, ಶನಿಯ ಉಂಗುರಗಳನ್ನು ಚೆನ್ನಾಗಿ ಕಾಣಲು ಸಣ್ಣ ದೂರದರ್ಶಕವೇ ಮೇಲು. ಗುಮ್ಮಟದ ಬಲ ಇರುವುದು ದಿಕ್ಕು, ಚಲನೆ, ಕಾಲ ಇವುಗಳನ್ನು ತೋರಿಸುವುದರಲ್ಲಿ. ಒಂದು ರಾತ್ರಿಯನ್ನು ಎರಡು ನಿಮಿಷದಲ್ಲಿ, ಒಂದು ವರ್ಷವನ್ನು ಹತ್ತು ನಿಮಿಷದಲ್ಲಿ ಅದು ತಿರುಗಿಸಿ ತೋರಿಸುತ್ತದೆ. ಪುಸ್ತಕದ ಚಿತ್ರಕ್ಕಾಗಲಿ, ದೂರದರ್ಶಕಕ್ಕಾಗಲಿ ಅದು ಸಾಧ್ಯವಿಲ್ಲ.

ಬೇರಿಕೆಯ ಆಕಾಶವೇ ಬೇರೆ

ಇನ್ನು ಪಾಠದ ವಿಷಯ. ಹೊರಗಿನಿಂದ ಬರುವ ಗುಮ್ಮಟಗಳ ಜೊತೆ ಸಾಮಾನ್ಯವಾಗಿ ಸಿದ್ಧ ಸಿನಿಮಾಗಳು ಬರುತ್ತವೆ. ಯುರೋಪಿನಲ್ಲೋ ಅಮೆರಿಕದಲ್ಲೋ ತಯಾರಾದ ಚಿತ್ರವಾದರೆ ಅದರಲ್ಲಿ ಧ್ರುವ ನಕ್ಷತ್ರ ಆಕಾಶದ ಅರ್ಧ ಎತ್ತರದಲ್ಲಿರುತ್ತದೆ. ದೆಹಲಿಗೆ ಹೊಂದಿಸಿದ ಆಕಾಶದಲ್ಲಿ ಅದು 28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೇರಿಕೆ ಇರುವುದು ಸುಮಾರು 12.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಧ್ರುವ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿದ್ದಾನೆ. ಕೈ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಅಂದರೆ ಒಂದೂಕಾಲು ಮುಷ್ಟಿಯ ಎತ್ತರ. ಒಂದು ಹುಣಸೆ ಮರ, ಒಂದು ಗುಡ್ಡ ಅಡ್ಡ ಬಂದರೂ ಕಾಣುವುದಿಲ್ಲ. ಸಿನಿಮಾ ನೋಡಿ ಮನೆಗೆ ಹೋದ ಮಗು ಆಕಾಶದ ನಡುವೆ ಧ್ರುವನನ್ನು ಹುಡುಕಿ, ಸಿಗದೆ, ತನಗೇ ಗೊತ್ತಾಗಲಿಲ್ಲ ಎಂದುಕೊಳ್ಳುತ್ತದೆ. ಹಾಗಾಗಬಾರದು.

ಉತ್ತರದವರಿಗೆ ಇಲ್ಲದ ಭಾಗ್ಯ ನಮಗೆ ದಕ್ಷಿಣದಲ್ಲಿದೆ. ರಾತ್ರಿಯ ಆಕಾಶದ ಎರಡನೇ ಅತಿ ಪ್ರಕಾಶಮಾನವಾದ ನಕ್ಷತ್ರ ಅಗಸ್ತ್ಯ. ಸುಮಾರು 37 ಡಿಗ್ರಿ ಅಕ್ಷಾಂಶಕ್ಕಿಂತ ಉತ್ತರದಲ್ಲಿರುವವರಿಗೆ ಅದು ಕಾಣುವುದೇ ಇಲ್ಲ. ಇಲ್ಲಿ ಫೆಬ್ರವರಿಯ ಸಂಜೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಎರಡೂವರೆ ಮುಷ್ಟಿ ಎತ್ತರದಲ್ಲಿ ಥಳಥಳ ಹೊಳೆಯುತ್ತದೆ. ಏಪ್ರಿಲ್ ಕೊನೆಯ ವಾರ ಇನ್ನೂ ಸೊಗಸಾದ ಸಂಗತಿಯಿದೆ. ಆಗ ಒಂದು ದಿನ ನಡುಮಧ್ಯಾಹ್ನ ಸೂರ್ಯ ಬೇರಿಕೆಯ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಅದೇ ದಿನ ರಾತ್ರಿ ಎಂಟೂಕಾಲರ ಹೊತ್ತಿಗೆ ಮಖಾ ನಕ್ಷತ್ರವೂ ಹೆಚ್ಚುಕಡಿಮೆ ಅದೇ ನೆತ್ತಿಗೆ ಬಂದು ನಿಲ್ಲುತ್ತದೆ. ಇವನ್ನೆಲ್ಲ ಜನವರಿಯಲ್ಲೇ ಗುಮ್ಮಟದೊಳಗೆ ತೋರಿಸಿ, ಏಪ್ರಿಲಿನಲ್ಲಿ ಅಂಗಳದಲ್ಲಿ ನೀವೇ ನೋಡಿ ಎಂದು ಮಕ್ಕಳಿಗೆ ಹೇಳಬಹುದು.

ಎಲ್ಲಕ್ಕಿಂತ ದೊಡ್ಡ ಪಾಠ ಮಳೆ ನಕ್ಷತ್ರಗಳದು. ಇದು ರಾಗಿ ಬೆಳೆಯುವ ಸೀಮೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಯ ಹೆಸರು ಹೇಳುವ ಅಜ್ಜ ಅಜ್ಜಿಯರು ಮನೆಮನೆಯಲ್ಲಿದ್ದಾರೆ. ರೋಹಿಣಿ ಮಳೆ ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗೆ. ಆ ದಿನಗಳಲ್ಲಿ ರಾತ್ರಿ ಆಕಾಶದಲ್ಲಿ ರೋಹಿಣಿಯನ್ನು ಹುಡುಕಿದರೆ ಸಿಗುವುದಿಲ್ಲ. ಏಕೆಂದರೆ ಸೂರ್ಯ ರೋಹಿಣಿಯಲ್ಲಿದ್ದಾಗ ಬರುವ ಮಳೆಗೇ ರೋಹಿಣಿ ಮಳೆ ಎಂದು ಹೆಸರು. ನಕ್ಷತ್ರ ಹಗಲಿನಲ್ಲಿ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ, ಅದರ ಬೆಳಕು ಬಿಸಿಲಿನಲ್ಲಿ ಮುಚ್ಚಿಹೋಗುತ್ತದೆ. 365 ದಿನವನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಒಂದೊಂದು ಮಳೆಯ ಅವಧಿಯೂ ಅಷ್ಟೇ.

ಇದನ್ನು ಬಯಲಿನಲ್ಲಿ ಕಣ್ಣಿಗೆ ತೋರಿಸುವುದು ಯಾರಿಂದಲೂ ಆಗದು, ಗುಮ್ಮಟದಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ದಿನಾಂಕವನ್ನು ಜೂನ್ 1 ಎಂದು ಇಟ್ಟು, ಹೊತ್ತನ್ನು ಮಧ್ಯಾಹ್ನ 12 ಎಂದು ಇಟ್ಟು, ಸ್ಟೆಲೇರಿಯಂನಲ್ಲಿ ವಾತಾವರಣವನ್ನು ಆರಿಸಿಬಿಡಿ. ನೀಲಿ ಮಾಯವಾಗುತ್ತದೆ, ಕಪ್ಪು ಆಕಾಶದಲ್ಲಿ ಸೂರ್ಯನ ಪಕ್ಕದಲ್ಲೇ ಕೆಂಪು ಛಾಯೆಯ ರೋಹಿಣಿ ಕಾಣುತ್ತದೆ. ದಿನಗಳನ್ನು ಮುಂದೆ ಓಡಿಸಿದರೆ ಸೂರ್ಯ ಮೃಗಶಿರಕ್ಕೆ, ಅಲ್ಲಿಂದ ಆರಿದ್ರೆಗೆ ಸರಿಯುತ್ತಾನೆ. ಡಿಸೆಂಬರ್ ಮೊದಲ ವಾರಕ್ಕೆ ಬಂದರೆ ಸೂರ್ಯ ಮುಳುಗುವ ಹೊತ್ತಿಗೆ ಎದುರಿಗೆ, ಪೂರ್ವದಲ್ಲಿ, ಅದೇ ರೋಹಿಣಿ ಹುಟ್ಟುತ್ತಿರುತ್ತದೆ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬ ಪಾಠ ಮಗುವಿಗೆ ಅಲ್ಲಿಯೇ, ಮನೆಯಲ್ಲಿ ಕೇಳಿದ ಹೆಸರುಗಳ ಮೂಲಕವೇ ಅರ್ಥವಾಗುತ್ತದೆ.

ಪಾಠವನ್ನು ಊರಿನವರೇ ಮಾಡಬೇಕು ಎಂದು ನಾನು ಹೇಳುವುದು ಇದಕ್ಕೇ. ಯಾವ ದಿಕ್ಕಿನಲ್ಲಿ ಯಾವ ಗುಡ್ಡವಿದೆ, ಯಾವ ಮಗುವಿನ ಅಪ್ಪ ಯಾವ ಮಳೆಗೆ ಬಿತ್ತನೆ ಮಾಡುತ್ತಾರೆ, ಯಾರು ಮನೆಯಲ್ಲಿ ಕನ್ನಡ, ಯಾರು ತೆಲುಗು, ಯಾರು ತಮಿಳು ಆಡುತ್ತಾರೆ ಎಂಬುದೆಲ್ಲ ಗೊತ್ತಿರುವುದು ಅಲ್ಲಿನ ಟೀಚರಿಗೆ. ಈ ಸೀಮೆಯ ಕನ್ನಡ ಮಾಧ್ಯಮದ ಮಕ್ಕಳು ತಮಿಳುನಾಡು ಸರ್ಕಾರ ಅಚ್ಚು ಹಾಕಿಸಿದ ಕನ್ನಡ ಪುಸ್ತಕದಲ್ಲಿ ವಿಜ್ಞಾನ ಓದುತ್ತಾರೆ. ತಮಿಳು ಕಲಿಕೆಯನ್ನು ಕಡ್ಡಾಯ ಮಾಡಿದ 2006ರ ಕಾಯ್ದೆಯ ನಂತರ ತಮಿಳನ್ನೂ ಕಲಿಯುತ್ತಾರೆ. ಚೆನ್ನೈ ಕಡೆಯಿಂದ ಬಂದ ಗುಮ್ಮಟದ ಧ್ವನಿ ತಮಿಳಿನಲ್ಲಿ, ಬೆಂಗಳೂರಿನಿಂದ ಬಂದದ್ದು ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರುತ್ತದೆ. ಧ್ವನಿ ನಿಲ್ಲಿಸಿ ಟೀಚರೇ ಮಾತಾಡಿದರೆ ಈ ತೊಡಕೇ ಇರುವುದಿಲ್ಲ. ಕನ್ನಡ ಶಾಲೆಯ ಮಕ್ಕಳಿಗೆ ಪುಸ್ತಕದ ಕನ್ನಡದಲ್ಲೇ ಹೇಳಬಹುದು, ಮಧ್ಯಾಹ್ನ ಅದೇ ಗುಮ್ಮಟಕ್ಕೆ ತಮಿಳು ಮಾಧ್ಯಮದ ಮಕ್ಕಳು ಬಂದರೆ ಅವರ ಟೀಚರು ತಮಿಳಿನಲ್ಲಿ ಹೇಳಬಹುದು. ಒಂದೇ ಗುಮ್ಮಟ ಎಲ್ಲ ಮಾಧ್ಯಮದ ಮಕ್ಕಳಿಗೂ ಸಲ್ಲಬೇಕು.

ತರಿಸುವ ಮೊದಲು

ಮೊದಲು ಟೇಪು ಹಿಡಿದು ಜಾಗ ಅಳೆಯಿರಿ. ಐದು ಮೀಟರ್ ಗುಮ್ಮಟಕ್ಕೆ ಸುಮಾರು 20 ಅಡಿ ಚೌಕದ ಖಾಲಿ ನೆಲ, 11ರಿಂದ 12 ಅಡಿ ಎತ್ತರ ಬೇಕು. ಹತ್ತು ಅಡಿ ಎತ್ತರದ ತರಗತಿಯಲ್ಲಿ ಅದು ನಿಲ್ಲುವುದಿಲ್ಲ. ನೇತಾಡುವ ಫ್ಯಾನು, ಟ್ಯೂಬ್‌ಲೈಟುಗಳನ್ನೂ ನೋಡಿಕೊಳ್ಳಿ. ಶಾಲೆಯಲ್ಲಿ ಸಭಾಂಗಣ ಇಲ್ಲದಿದ್ದರೆ ಊರಿನ ಕಲ್ಯಾಣ ಮಂಟಪ ಕೇಳಿ. ಬಯಲಿನಲ್ಲಿ ನಿಲ್ಲಿಸುವ ಯೋಚನೆ ಬೇಡ, ಒಂದು ಜೋರು ಗಾಳಿ ಬೀಸಿದರೆ ಗುಮ್ಮಟ ನೆಲದಲ್ಲಿ ನಿಲ್ಲದು. ನೆಲ ಗುಡಿಸಿ, ಕಲ್ಲು ಮೊಳೆ ಆರಿಸಿ, ಜಮಖಾನೆ ಹಾಸಿ, ಚಪ್ಪಲಿ ಹೊರಗೆ ಬಿಡಿಸಿ. ನಿಜವಾದ ಉತ್ತರ ದಿಕ್ಕನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಗುಮ್ಮಟದೊಳಗಿನ ಉತ್ತರ ಅದಕ್ಕೆ ಸರಿಹೊಂದುವಂತೆ ಪ್ರೊಜೆಕ್ಟರ್ ಕೂರಿಸಿ. ಲ್ಯಾಪ್‌ಟಾಪಿನಲ್ಲಿ ಊರಿನ ಅಕ್ಷಾಂಶ ರೇಖಾಂಶ ಹಾಕಿದ್ದೀರಾ ಎಂದು ಎರಡು ಸಲ ನೋಡಿ.

ಪ್ರದರ್ಶನ ನಡೆಯುವಾಗ ಒಬ್ಬರು ಒಳಗೆ, ಒಬ್ಬರು ಹೊರಗೆ ಬ್ಲೋಯರ್ ಪಕ್ಕದಲ್ಲಿ ಇರಲೇಬೇಕು. ಜನರೇಟರ್ ಅಥವಾ ಯು.ಪಿ.ಎಸ್. ಇರಲಿ. ಉಬ್ಬಸ ಇರುವ, ಕತ್ತಲಿಗೆ ಹೆದರುವ ಮಕ್ಕಳು ಯಾರೆಂದು ಮೊದಲೇ ಕೇಳಿ ಬಾಗಿಲ ಹತ್ತಿರ ಕೂರಿಸಿ. ಬಗ್ಗಿ ತೂರಿ ಹೋಗಲಾಗದ ಮಗು ಇದ್ದರೆ ಗಾಳಿ ತುಂಬುವ ಮೊದಲೇ ಒಳಗೆ ಕೂರಿಸಿ, ಸುತ್ತ ಗುಮ್ಮಟ ಏಳಿಸಬಹುದು. ಆ ಮಗು ಹೊರಗೆ ಉಳಿಯಲೇಬಾರದು.

ಕಾಲವನ್ನೂ ನೋಡಿಕೊಂಡು ತರಿಸಬೇಕು. ಜನವರಿ, ಫೆಬ್ರವರಿಯ ಅಮಾವಾಸ್ಯೆಯ ವಾರ ಎಲ್ಲಕ್ಕಿಂತ ಒಳ್ಳೆಯದು. ಮಳೆ ಮುಗಿದು ಆಕಾಶ ತಿಳಿಯಾಗಿರುತ್ತದೆ, ಸೆಕೆ ಇರುವುದಿಲ್ಲ, ಕೃತ್ತಿಕೆ, ರೋಹಿಣಿ, ಮೃಗಶಿರ, ಲುಬ್ಧಕ, ಅಗಸ್ತ್ಯ ಎಲ್ಲವೂ ಸಂಜೆಯೇ ಕಾಣುತ್ತವೆ. ಹಗಲು ಗುಮ್ಮಟದಲ್ಲಿ ಕಲಿತದ್ದನ್ನು ಅದೇ ರಾತ್ರಿ ಬಯಲಿನಲ್ಲಿ ಗುರುತಿಸಿದರೆ ಮಾತ್ರ ಪಾಠ ಪೂರ್ತಿಯಾಗುತ್ತದೆ. ಪಶ್ಚಿಮದಲ್ಲಿ ಹೊಸೂರು, ಬೆಂಗಳೂರಿನ ಬೆಳಕು ವರ್ಷವರ್ಷವೂ ಏರುತ್ತಿರುವಾಗ ಈ ಮಕ್ಕಳಿಗೆ ಇನ್ನೂ ಉಳಿದಿರುವ ಕತ್ತಲೆಯ ಬೆಲೆ ತಿಳಿಸುವುದಕ್ಕೂ ಇದೇ ಸಮಯ.

ಯಾರನ್ನು ಕೇಳಬೇಕು

ಕರ್ನಾಟಕದ ಸಂಚಾರಿ ತಾರಾಲಯ ಕರ್ನಾಟಕದ ಶಾಲೆಗಳಿಗಾಗಿ ಮಾಡಿದ ಯೋಜನೆ. ಆದರೆ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡ ಸಂಸ್ಥೆಗಳ ಚಟುವಟಿಕೆಗೂ ನೆರವು ಕೊಡುತ್ತದೆ. ಗಡಿನಾಡಿನ ಕನ್ನಡ ಎಂದರೆ ಉತ್ಸವ, ಸನ್ಮಾನ, ಕವಿಗೋಷ್ಠಿಗಳ ಜೊತೆಗೆ ಕನ್ನಡದಲ್ಲಿ ವಿಜ್ಞಾನ ಕಲಿಯುವ ಮಕ್ಕಳೂ ಸೇರುತ್ತಾರೆ. ಪ್ರಾಧಿಕಾರ ಒಂದು ಗುಮ್ಮಟ ಕೊಂಡು ಹೊಸೂರು, ತಾಳವಾಡಿ, ಕಾಸರಗೋಡು, ಅಕ್ಕಲಕೋಟೆ, ಜತ್ತ ಎಂದು ಗಡಿಯುದ್ದಕ್ಕೂ ಸರದಿಯಂತೆ ಎರವಲು ಕೊಟ್ಟರೆ ಅದು ಬಹಳ ವರ್ಷ ನೆನಪಿನಲ್ಲಿ ಉಳಿಯುವ ಕೆಲಸವಾಗುತ್ತದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಕುಪ್ಪಂ ಬಳಿ ನೆಲೆಯೂರಿ ವ್ಯಾನುಗಳಲ್ಲಿ ವಿಜ್ಞಾನ ಪ್ರಯೋಗಗಳನ್ನು ಹಳ್ಳಿಗೆ ಒಯ್ಯುವ ಅಗಸ್ತ್ಯ ಪ್ರತಿಷ್ಠಾನ ಇವೆರಡೂ ಪತ್ರ ಬರೆದು ಕೇಳಬೇಕಾದ ಸಂಸ್ಥೆಗಳು. ತಮಿಳುನಾಡು ಸರ್ಕಾರ 2022ರ ನವೆಂಬರಿನಲ್ಲಿ ಶುರು ಮಾಡಿದ ವಾನವಿಲ್ ಮನ್ರಂ ಯೋಜನೆ 6ರಿಂದ 8ನೇ ತರಗತಿಯವರಿಗೆ ಕೈಯಾರೆ ಮಾಡುವ ವಿಜ್ಞಾನ ಕಲಿಸುತ್ತದೆ. ಗುಮ್ಮಟದ ವಾರವನ್ನು ಅದರ ಜೊತೆ ಹೊಂದಿಸಲು ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ಮಾತಾಡಬಹುದು.

ಒಂದು ಶಾಲೆ ಒಂಟಿಯಾಗಿ ಕೇಳಿದರೆ ಕಡತ ಮುಂದೆ ಸರಿಯುವುದು ಕಷ್ಟ. ಹತ್ತು ಶಾಲೆಗಳ ಹೆಚ್.ಎಂ.ಗಳು ಸೇರಿ ಒಂದೇ ಪತ್ರ ಬರೆಯಲಿ. ಅದರಲ್ಲಿ ಮಕ್ಕಳ ಸಂಖ್ಯೆ, ಸಭಾಂಗಣದ ಅಳತೆ, ಬೇಕಾದ ವಾರ, ಸಾಗಣೆ ಖರ್ಚು ಯಾರದು, ಹಾನಿಯಾದರೆ ಹೊಣೆ ಯಾರದು ಎಲ್ಲವನ್ನೂ ಸ್ಪಷ್ಟವಾಗಿ ಬರೆಯಲಿ. ಪತ್ರದ ಮೊದಲ ಬೇಡಿಕೆ ಮಾತ್ರ ಗುಮ್ಮಟವಾಗದೆ, ಪ್ರತಿ ಶಾಲೆಯಿಂದ ಇಬ್ಬರು ಟೀಚರುಗಳಿಗೆ ಎರಡು ದಿನದ ತರಬೇತಿಯಾಗಲಿ. ಸ್ಟೆಲೇರಿಯಂ ಉಚಿತ, ಶಾಲೆಯ ಕಂಪ್ಯೂಟರಿನಲ್ಲೇ ಇಂದೇ ಹಾಕಿಕೊಂಡು ಅಭ್ಯಾಸ ಶುರು ಮಾಡಬಹುದು. ಗುಮ್ಮಟ ವಾರ ಮುಗಿದ ಮೇಲೆ ವಾಪಸು ಹೋಗುತ್ತದೆ. ಆಕಾಶ ಬಲ್ಲ ಇಬ್ಬರು ಟೀಚರುಗಳು ಊರಿನಲ್ಲಿ ಉಳಿದರೆ ಮುಂದಿನ ಹತ್ತಾರು ವರ್ಷದ ಮಕ್ಕಳಿಗೂ ಅದು ಸಿಕ್ಕಂತಾಗುತ್ತದೆ. ಪತ್ರ ಬರೆಯುವ ಹೆಚ್.ಎಂ.ಗಳೂ, ಅದನ್ನು ಓದಿ ನಿರ್ಧರಿಸುವ ಅಧಿಕಾರಿಗಳೂ ಇದನ್ನೇ ಮೊದಲು ನೋಡಲಿ ಎಂಬುದು ನನ್ನ ವಿನಂತಿ.